ಬಂದವರಿಗೂ ಒಂದು ಭಾನುವಾರ



ಒಬ್ಬ ಮನುಷ್ಯ ಹೊಸ ನಾಡಿಗೆ ಬಂದು ನೆಲೆಸಬೇಕಾದರೆ ಅವನಿಗೆ ಏನೇನು ಬೇಕು? ರಾತ್ರಿ ಊಟಕ್ಕೆ ಎಲ್ಲರೂ ಕುಳಿತಾಗ ನಿಮ್ಮ ಮನೆಯವರನ್ನು ಕೇಳಿ ನೋಡಿ. ಕೆಲಸ ಬೇಕು, ಕೂಲಿ ಬೇಕು, ತಲೆಯ ಮೇಲೊಂದು ಸೂರು ಬೇಕು, ರೇಷನ್ ಕಾರ್ಡು ಬೇಕು, ಮಕ್ಕಳಿಗೆ ಶಾಲೆ, ಕಾಯಿಲೆ ಬಿದ್ದರೆ ಆಸ್ಪತ್ರೆ, ಹೀಗೆ ಪಟ್ಟಿ ಬೆಳೆಯುತ್ತದೆ. ಅವನಿಗೆ ಆಡಲು ಒಂದು ಬಯಲು ಬೇಕು, ಸಂಜೆ ಸುಮ್ಮನೆ ಕುಳಿತುಕೊಳ್ಳಲು ಒಂದು ಕಟ್ಟೆ ಬೇಕು ಎಂದು ಹೇಳುವವರು ಕಡಿಮೆ. ಹೇಳಿದರೆ ನಗುತ್ತಾರೆ. ದುಡಿಯಲು ಬಂದವನಿಗೆ ಆಟವೇಕೆ?

ಆ ನಗೆ ನ್ಯಾಯವೇ ಎಂಬುದು ಇಂದಿನ ನಮ್ಮ ಪ್ರಶ್ನೆ. ಸಣ್ಣ ಪ್ರಶ್ನೆಯಂತೆ ಕಾಣುತ್ತದೆ. ಆದರೆ ಇನ್ನೊಬ್ಬ ಮನುಷ್ಯನನ್ನು ನಾವು ಏನೆಂದು ಎಣಿಸಿದ್ದೇವೆ ಎಂಬುದು ಅವನ ಕೆಲಸದ ಹೊತ್ತಿನಲ್ಲಿ ತಿಳಿಯುವುದಕ್ಕಿಂತ ಅವನ ಬಿಡುವಿನ ಹೊತ್ತಿನಲ್ಲಿ ಚೆನ್ನಾಗಿ ತಿಳಿಯುತ್ತದೆ.

ಕೊಡಗಿನಲ್ಲಿರುವ ನಿಮಗೆ ಹೊಸಬರು ಯಾರೆಂದು ತೋರಿಸಬೇಕಾಗಿಲ್ಲ. ನಮ್ಮ ಕಾಫಿ ತೋಟಗಳ ಲೈನ್ ಮನೆಗಳಿಗೆ ಹಿಂದೆ ಮಲಬಾರಿನಿಂದ, ತಮಿಳುನಾಡಿನಿಂದ, ಮೈಸೂರು ಹಾಸನದ ಕಡೆಯಿಂದ, ಘಟ್ಟದ ಕೆಳಗಿನಿಂದ ಜನ ಬಂದರು. ಈಚಿನ ವರ್ಷಗಳಲ್ಲಿ ಅಸ್ಸಾಂ, ಪಶ್ಚಿಮ ಬಂಗಾಳ, ಜಾರ್ಖಂಡ್ ಕಡೆಯವರು ಬರುತ್ತಿದ್ದಾರೆ. ಎರಡು ಮೂರು ದಿನ ರೈಲಿನಲ್ಲಿ ಕುಳಿತು, ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇಳಿದು, ಬಸ್ಸು ಹತ್ತಿ ಬರುವ ಆ ಗಂಡ ಹೆಂಡತಿಗೆ ಕೊಡಗು ಬೇರೆ ರಾಜ್ಯವಲ್ಲ, ಬೇರೆ ದೇಶವೇ. ಕಾಗದದಲ್ಲಿ ಅವರೂ ಭಾರತೀಯರು, ನಾವೂ ಭಾರತೀಯರು. ಅಂಗಡಿಯಲ್ಲಿ ಉಪ್ಪು ಕೇಳಲು ಮಾತು ಬಾರದೆ ಬೆರಳು ತೋರಿಸುವಾಗ ಆ ಕಾಗದ ಏನು ನೆರವಾದೀತು?

ಭಾನುವಾರ ಗೋಣಿಕೊಪ್ಪದ ಸಂತೆಗೆ ಹೋದರೆ ಇವರನ್ನು ನೀವು ಕಂಡಿರುತ್ತೀರಿ. ವಾರದ ಬಟವಾಡೆ ಕೈಗೆ ಬಂದಿರುತ್ತದೆ. ಹೆಂಗಸರು ಕೆಂಪು ಹಳದಿ ಬಟ್ಟೆ ಉಟ್ಟು, ತಲೆ ಬಾಚಿ, ಮಕ್ಕಳ ಕೈ ಹಿಡಿದು ಬರುತ್ತಾರೆ. ಒಣಮೀನು, ಆಲೂಗಡ್ಡೆ, ಸಾಸಿವೆ ಎಣ್ಣೆ ಕೊಳ್ಳುತ್ತಾರೆ. ಅದೆಲ್ಲ ಒಂದು ಗಂಟೆಯ ಕೆಲಸ. ಆಮೇಲೆ? ಆಮೇಲೂ ಅವರು ಹೋಗುವುದಿಲ್ಲ. ಬಸ್ ನಿಲ್ದಾಣದ ಬಳಿ, ಮುಚ್ಚಿದ ಅಂಗಡಿಗಳ ಜಗಲಿಯ ಮೇಲೆ ಗುಂಪುಗುಂಪಾಗಿ ಕುಳಿತು ಮಾತನಾಡುತ್ತಾರೆ. ಬೇರೆ ಬೇರೆ ತೋಟಗಳಲ್ಲಿರುವ ಒಂದೇ ಊರಿನವರು ವಾರಕ್ಕೊಮ್ಮೆ ಸೇರುವುದು ಅಲ್ಲಿಯೇ. ನಾವು ಅವರನ್ನು ದಾಟಿ ಹೋಗುವಾಗ ಏನು ಹೇಳುತ್ತೇವೆ? “ಎಲ್ಲಾ ಕಡೆ ಇವರೇ ತುಂಬಿಕೊಂಡಿದ್ದಾರೆ” ಎನ್ನುತ್ತೇವೆ. ಅದೇ ಜನ ಸೋಮವಾರ ತೋಟದಲ್ಲಿ ತುಂಬಿಕೊಂಡರೆ ನಮಗೆ ಸಂತೋಷ. ಮಂಗಳವಾರ ಇಬ್ಬರು ಕಡಿಮೆಯಾದರೆ ನಮಗೆ ನಿದ್ದೆ ಬಾರದು.

ಇನ್ನೊಂದು ವಿಚಿತ್ರ ನೋಡಿ. ನಮ್ಮ ಜಿಲ್ಲೆಗೆ ಬಿಡುವು ಕಳೆಯಲೆಂದೇ ಬರುವ ಜನರಿದ್ದಾರೆ. ಶನಿವಾರ ಭಾನುವಾರ ಮಡಿಕೇರಿಯ ರಸ್ತೆಗಳಲ್ಲಿ ಅವರ ವಾಹನಗಳ ಸಾಲು. ಹಿಂದೆ ಕೊಡಗಿನ ಅರಸರು ಸೂರ್ಯಾಸ್ತ ನೋಡಲು ಕುಳಿತುಕೊಳ್ಳುತ್ತಿದ್ದ ರಾಜಾಸೀಟಿನಲ್ಲಿ ಈಗ ಯಾರು ಬೇಕಾದರೂ ಕುಳಿತು ಸೂರ್ಯ ಮುಳುಗುವುದನ್ನು ನೋಡಬಹುದು. ಅಬ್ಬಿ ಜಲಪಾತವಿದೆ, ದುಬಾರೆಯಿದೆ, ಕುಶಾಲನಗರದ ಬಳಿ ಕಾವೇರಿಯ ನಡುವಿನ ನಿಸರ್ಗಧಾಮವಿದೆ, ಹತ್ತಲು 1748 ಮೀಟರಿನ ತಡಿಯಂಡಮೋಳ್ ಬೆಟ್ಟವಿದೆ. ಹೊರಗಿನಿಂದ ಬಂದ ಒಬ್ಬನ ಬಿಡುವನ್ನು ನಾವು ಪ್ರವಾಸೋದ್ಯಮ ಎನ್ನುತ್ತೇವೆ. ಹೊರಗಿನಿಂದಲೇ ಬಂದ ಇನ್ನೊಬ್ಬನ ಬಿಡುವನ್ನು ಅಲೆದಾಟ ಎನ್ನುತ್ತೇವೆ. ಒಬ್ಬ ಎರಡು ದಿನ ಇದ್ದು ಹೋಗುವವನು, ಇನ್ನೊಬ್ಬ ವರ್ಷಗಟ್ಟಲೆ ಇಲ್ಲೇ ಇರುವವನು. ಹೆಚ್ಚು ಕಾಲ ಇರುವವನಿಗೇ ಕಡಿಮೆ ಜಾಗ.

ಕೊಡಗು ನೋಡುವುದಕ್ಕೆ ತೆರೆದ ನಾಡು. ಎಲ್ಲಿ ನೋಡಿದರೂ ಹಸಿರು, ಎಲ್ಲಿ ನಿಂತರೂ ಬೆಟ್ಟ. ಆದರೆ ಲೈನ್ ಮನೆಯಿಂದ ಹೊರಬಂದು, ಹಣ ಕೊಡದೆ, ಯಾರ ಅಪ್ಪಣೆಯನ್ನೂ ಕೇಳದೆ ಹೋಗಿ ಕುಳಿತುಕೊಳ್ಳಬಹುದಾದ ಜಾಗವನ್ನು ಹುಡುಕಿ ನೋಡಿ. ತೋಟಕ್ಕೆ ಗೇಟು, ಸೋಲಾರ್ ಬೇಲಿ. ಕಾಡು ಅರಣ್ಯ ಇಲಾಖೆಯದು. ಗದ್ದೆ ಒಬ್ಬರ ಸ್ವತ್ತು. ಸಂಜೆಯಾದರೆ ರಸ್ತೆಯಲ್ಲಿ ಆನೆಯ ಭಯ. ತೋಟದ ಕೆಲಸಗಾರರು ಕಾಡಾನೆಗೆ ಬಲಿಯಾದ ಸುದ್ದಿಯನ್ನು ನಾವು ಎಷ್ಟು ಸಲ ಓದಿಲ್ಲ! ಹೊಳೆಯಂತೂ ಮೇಲೆ ಶಾಂತ, ಒಳಗೆ ಸುಳಿ. ಇಲ್ಲಿ ಹುಟ್ಟಿದವರಿಗೆ ಯಾವ ಗುಂಡಿ ಆಳ, ಮಳೆಗಾಲ ಕಳೆದು ಎಷ್ಟು ವಾರಕ್ಕೆ ನೀರಿಗೆ ಇಳಿಯಬಹುದು ಎಂಬುದು ಗೊತ್ತು. ಬಂದವರಿಗೆ ಅದನ್ನು ಹೇಳುವವರಿಲ್ಲ. ಹೀಗೆ ಎಲ್ಲ ಬಾಗಿಲು ಮುಚ್ಚಿದ ಮೇಲೆ ತೆರೆದಿರುವುದು ಒಂದೇ, ಮದ್ಯದ ಅಂಗಡಿ. “ಇವರಿಗೆ ರಜೆ ಕೊಟ್ಟರೆ ಕುಡಿಯುತ್ತಾರೆ” ಎನ್ನುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿ. ಕುಡಿತವನ್ನು ನಾನು ಸಮರ್ಥಿಸುತ್ತಿಲ್ಲ. ಅದರಿಂದ ಹಾಳಾದ ಮನೆಗಳು ಲೈನಿನಲ್ಲೂ ಇವೆ, ಬಂಗಲೆಯಲ್ಲೂ ಇವೆ. ಆದರೆ ಕುಳಿತುಕೊಳ್ಳಲು ಅಲ್ಲಿ ಬಿಟ್ಟು ಬೇರೆಲ್ಲೂ ಬೆಂಚು ಹಾಕದವರು ಅಲ್ಲಿ ಕುಳಿತವನನ್ನು ಮಾತ್ರ ದೂರುವುದು ಸರಿಯಲ್ಲ.

ಪವಿತ್ರ ಗ್ರಂಥದಲ್ಲಿ ಈ ವಿಷಯ ಇಷ್ಟು ಸ್ಪಷ್ಟವಾಗಿದೆಯೆಂದು ನಾವು ಹೆಚ್ಚಾಗಿ ಗಮನಿಸುವುದಿಲ್ಲ. ಸಬ್ಬತ್ ದಿನದ ಆಜ್ಞೆ ಎಂದೊಡನೆ ನಮಗೆ ನೆನಪಾಗುವುದು ನಮ್ಮ ಬಲಿಪೂಜೆ, ನಮ್ಮ ವಿಶ್ರಾಂತಿ. ವಿಮೋಚನಾಕಾಂಡದ 23ನೆಯ ಅಧ್ಯಾಯವನ್ನು ತೆರೆದು 12ನೆಯ ವಚನವನ್ನು ಓದಿ. ಏಳನೆಯ ದಿನ ಕೆಲಸ ನಿಲ್ಲಿಸಬೇಕಾದ ಕಾರಣವನ್ನು ಅಲ್ಲಿ ಹೇಳಿದೆ. ಎತ್ತು ಕತ್ತೆಗಳಿಗೆ ವಿಶ್ರಾಂತಿ ಸಿಗಲಿ, ದಾಸಿಯ ಮಗನೂ ಪರದೇಶಿಯೂ ದಣಿವಾರಿಸಿಕೊಳ್ಳಲಿ ಎಂಬುದೇ ಆ ಕಾರಣ. ಮನೆಯ ಯಜಮಾನನ ದಣಿವಿನ ಮಾತೇ ಅಲ್ಲಿಲ್ಲ! ಹೀಬ್ರೂ ಮೂಲದಲ್ಲಿ ಆ ಪರದೇಶಿಗೆ ಬಳಸಿದ ಪದಕ್ಕೆ ಉಸಿರು ತೆಗೆದುಕೊಳ್ಳುವುದು ಎಂಬ ಅರ್ಥವಿದೆ. ಅದೇ ಗ್ರಂಥದ 31ನೆಯ ಅಧ್ಯಾಯದಲ್ಲಿ, ಸೃಷ್ಟಿಕಾರ್ಯ ಮುಗಿಸಿ ದೇವರು ಏಳನೆಯ ದಿನ ವಿಶ್ರಮಿಸಿದ್ದನ್ನು ಹೇಳುವಾಗಲೂ ಅದೇ ಪದ ಬಂದಿದೆ. ದೇವರ ವಿಶ್ರಾಂತಿಗೂ ಹೊರಗಿನಿಂದ ಬಂದ ಕೂಲಿಯಾಳಿನ ವಿಶ್ರಾಂತಿಗೂ ಒಂದೇ ಮಾತು. ಇದಕ್ಕೆ ಕೇವಲ ಮೂರು ವಚನಗಳ ಹಿಂದೆ, ಪರದೇಶಿಯನ್ನು ಪೀಡಿಸಬೇಡಿ, ನೀವೂ ಈಜಿಪ್ಟಿನಲ್ಲಿ ಪರದೇಶಿಗಳಾಗಿದ್ದವರು, ಅವನ ಮನಸ್ಸು ನಿಮಗೆ ತಿಳಿದಿದೆ ಎಂಬ ಎಚ್ಚರಿಕೆಯಿದೆ.

ನಮಗೆ ಆ ಮನಸ್ಸು ತಿಳಿದಿರಬೇಕಾದದ್ದು ಈಜಿಪ್ಟಿನಿಂದಲ್ಲ, ವಿರಾಜಪೇಟೆಯಿಂದ. ಟಿಪ್ಪು ಸುಲ್ತಾನನ ಸೆರೆಯಿಂದ ತಪ್ಪಿಸಿಕೊಂಡು ಕೊಡಗಿಗೆ ಬಂದ ಕ್ರೈಸ್ತ ಕುಟುಂಬಗಳಿಗೆ ಅರಸ ದೊಡ್ಡವೀರರಾಜೇಂದ್ರ ಆಶ್ರಯ ಕೊಟ್ಟ, ಭೂಮಿ ಕೊಟ್ಟ. 1792ರಲ್ಲಿ ವಿರಾಜಪೇಟೆಯಲ್ಲಿ ಸಂತ ಅನ್ನಮ್ಮನವರ ದೇವಾಲಯ ಎದ್ದದ್ದು ಹಾಗೆ. ಬೇರೆ ಧರ್ಮದ ಅರಸನೊಬ್ಬ ಬಂದವರಿಗೆ ಉಳುಮೆಯ ನೆಲ ಮಾತ್ರ ಕೊಟ್ಟು ಸುಮ್ಮನಾಗಲಿಲ್ಲ. ಸೇರುವುದಕ್ಕೂ ಹಾಡುವುದಕ್ಕೂ ಹಬ್ಬ ಮಾಡುವುದಕ್ಕೂ ಜಾಗ ಬೇಕೆಂದು ಅವನಿಗೆ ತಿಳಿದಿತ್ತು.

ಜಾಗದ ಈ ಮಾತಿಗೆ ನಮ್ಮ ಕಾಲದ ಉದಾಹರಣೆಯೊಂದು ಕಣ್ಣೆದುರಿಗೇ ಇದೆ. ಕುಶಾಲನಗರದ ಸೇತುವೆ ದಾಟಿದರೆ ಮೈಸೂರು ಜಿಲ್ಲೆ, ಪಿರಿಯಾಪಟ್ಟಣ ತಾಲ್ಲೂಕು, ಬೈಲಕುಪ್ಪೆ. 1959ರಲ್ಲಿ ದಲೈ ಲಾಮಾ ಅವರು ಭಾರತಕ್ಕೆ ಬಂದ ಮೇಲೆ ಹಿಂದೆಯೇ ಬಂದ ನಿರಾಶ್ರಿತರಿಗೆ ಅಂದಿನ ಮೈಸೂರು ರಾಜ್ಯ ಕೊಟ್ಟ ಕಾಡುಭೂಮಿಯಲ್ಲಿ 1961ರಲ್ಲಿ ಟಿಬೆಟಿಯನ್ನರ ನೆಲೆ ಆರಂಭವಾಯಿತು. ಹಿಮದ ನಾಡಿನಿಂದ ಬಂದವರು ಇಲ್ಲಿನ ಸೆಕೆಗೆ, ಕಾಯಿಲೆಗೆ ತತ್ತರಿಸಿದರು. ಗುಡಾರಗಳಲ್ಲಿ, ಬಿದಿರಿನ ಗುಡಿಸಲುಗಳಲ್ಲಿ ಮಲಗಿ, ಕಾಡು ಕಡಿದು, ಆನೆ ಓಡಿಸಿ ಜೋಳ ಬೆಳೆದರು. ಚಳಿಗಾಲ ಬಂದರೆ ಸ್ವೆಟರ್ ಮಾರಲು ದೂರದೂರದ ಪಟ್ಟಣಗಳಿಗೆ ಹೋದರು. ಇದು ದುಡಿಮೆಯ ಕಥೆ. ಎಲ್ಲರೂ ಹೇಳುವುದು ಇದನ್ನೇ.

ಹೇಳದೆ ಬಿಡುವ ಕಥೆಯೊಂದಿದೆ. ಟಿಬೆಟಿನಲ್ಲಿ ಬೇಸಿಗೆ ಬಂದರೆ ಕುಟುಂಬಗಳು ಹೊಳೆಯ ದಡದ ತೋಪುಗಳಲ್ಲಿ ಗುಡಾರ ಹಾಕಿ, ತಿಂಡಿ ತೀರ್ಥ ಕಟ್ಟಿಕೊಂಡು ಹೋಗಿ, ದಿನಗಟ್ಟಲೆ ಹಾಡಿ ಕುಣಿದು ಕಾಲ ಕಳೆಯುವ ಪದ್ಧತಿ ಇತ್ತು. ಲಿಂಗ್ಕಾ ಎಂದು ಅದಕ್ಕೆ ಹೆಸರು. ಎಲ್ಲವನ್ನೂ ಕಳೆದುಕೊಂಡು ಬಂದ ಈ ಜನ ಅದನ್ನು ಇಲ್ಲಿಗೆ ತಂದರು. ಗಂಡಸರು ಚರ್ಮದ ಮೆತ್ತೆಯ ಮೇಲೆ ಬಟ್ಟಲು ಕುಕ್ಕಿ ಆಡುವ ಶೋ ಎಂಬ ದಾಳದಾಟವನ್ನು ತಂದರು. ಹೊಸ ವರ್ಷದ ಲೋಸಾರ್ ತಂದರು. ಯುವಕರು ಫುಟ್ಬಾಲ್ ಕಟ್ಟಿಕೊಂಡರು. ದಲೈ ಲಾಮಾ ಅವರ ತಾಯಿಯ ನೆನಪಿಗೆ ನಡೆಯುವ ಪಂದ್ಯಾವಳಿಗೆ ದೇಶದ ಬೇರೆ ಬೇರೆ ಟಿಬೆಟಿಯನ್ ನೆಲೆಗಳಿಂದ ತಂಡಗಳು ಸೇರುತ್ತವೆ. ಅದು ಬೈಲಕುಪ್ಪೆಯಲ್ಲೂ ನಡೆದಿದೆ. ಮುದುಕ ಮುದುಕಿಯರು ಬೆಳಿಗ್ಗೆ ಸಂಜೆ ಜಪಮಣಿ ಹಿಡಿದು ದೇವಸ್ಥಾನದ ಸುತ್ತ ಬಲಗಡೆಯಿಂದ ಪ್ರದಕ್ಷಿಣೆ ಬರುತ್ತಾರೆ. ಅವರ ಬಾಯಲ್ಲಿ ಮಂತ್ರ, ನಡುನಡುವೆ ನೆರೆಮನೆಯ ಸುದ್ದಿ, ಸೊಸೆಯ ದೂರು, ಕೆನಡಾದಲ್ಲಿರುವ ಮಗನ ಫೋನಿನ ಮಾತು. ಅದು ಪ್ರಾರ್ಥನೆಯೋ ವಾಯುಸಂಚಾರವೋ ಹರಟೆಯೋ ಎಂದು ಬಿಡಿಸಿ ಹೇಳಲು ನನಗಂತೂ ಆಗದು. ನಮ್ಮ ಅಜ್ಜಿಯರು ಜಪಸರ ಹಿಡಿದುಕೊಂಡು ಚರ್ಚಿನ ದಾರಿ ಸವೆಸುತ್ತಿದ್ದುದೂ ಹೀಗೆಯೇ ಅಲ್ಲವೇ?

ಆರು ದಶಕಗಳ ಮೇಲೂ ಆ ಜನ ಚದುರಿ ಹೋಗದೆ ಒಂದು ಸಮುದಾಯವಾಗಿ ಉಳಿದಿದ್ದರೆ ಜೋಳ, ಸ್ವೆಟರುಗಳ ಜೊತೆಗೆ ಈ ಪ್ರದಕ್ಷಿಣೆ, ಈ ಗುಡಾರದ ಊಟ, ಈ ಚೆಂಡಾಟವೂ ಕಾರಣ. ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು. ಅವರಿಗೆ ಒಟ್ಟಾಗಿ ಭೂಮಿ ಸಿಕ್ಕಿತ್ತು. ಗುಡಾರ ಹೊಡೆಯಲು ನೆಲವಿತ್ತು. ಅಸ್ಸಾಮಿನಿಂದ ಬಂದ ನಮ್ಮ ತೋಟದ ಕುಟುಂಬಕ್ಕೆ ಹತ್ತಡಿ ಕೋಣೆ, ಮುಂದೊಂದು ಜಗಲಿ. ಆ ಜಗಲಿಯೂ ಮಾಲೀಕರದು.

“ಅವರವರೇ ಸೇರಿಕೊಂಡರೆ ನಮ್ಮೊಡನೆ ಬೆರೆಯುವುದು ಯಾವಾಗ?” ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ವಾರವಿಡೀ ಪರಭಾಷೆಯಲ್ಲಿ ಅರೆಬರೆ ತಡವರಿಸಿದ ನಾಲಿಗೆಗೆ ಒಂದು ದಿನವಾದರೂ ತನ್ನ ಮಾತು ಬೇಕು. ನಮ್ಮ ಮಕ್ಕಳು ದುಬೈಗೋ ಕೆನಡಾಕ್ಕೋ ಹೋದಾಗ ಶುಕ್ರವಾರವೋ ಭಾನುವಾರವೋ ಊರವರನ್ನು ಹುಡುಕಿಕೊಂಡು ಹೋಗಿ ಪಂದಿಕರಿ, ಕಡಂಬಿಟ್ಟು ಮಾಡಿಕೊಂಡು ಉಂಡರೆಂದು ಕೇಳಿ ನಮಗೆ ಸಮಾಧಾನವಾಗುತ್ತದೆ. ಅಲ್ಲಿನವರು ಅವರನ್ನು ಪಾರ್ಕಿಗೆ ಕರೆದುಕೊಂಡು ಹೋದರು, ಹಿಮದ ಮೇಲೆ ಜಾರುವುದನ್ನು ಕಲಿಸಿದರು ಎಂದರೆ ಹೆಮ್ಮೆಯಿಂದ ನೆರೆಯವರಿಗೆ ಹೇಳುತ್ತೇವೆ. ಹೊಸದಾಗಿ ಪೌರರಾದವರಿಗೆ ವಸ್ತುಸಂಗ್ರಹಾಲಯಗಳಿಗೂ ಉದ್ಯಾನಗಳಿಗೂ ಉಚಿತ ಪ್ರವೇಶ ದೊರಕಿಸುವ ಏರ್ಪಾಡು ಕೆನಡಾದಲ್ಲಿದೆ. ನಮ್ಮ ಮಗನಿಗೆ ಅಲ್ಲಿ ಸಿಗಲಿ ಎಂದು ಹಾರೈಸುವುದನ್ನು ಇನ್ನೊಬ್ಬರ ಮಗನಿಗೆ ಇಲ್ಲಿ ಕೊಡಲು ನಮಗೆ ಏಕೋ ಹೊಳೆಯುವುದಿಲ್ಲ.

ಬೆರೆಯದೆ ಇರುವ ದೋಷ ಬಡವರದ್ದೇ ಎಂದೂ ಹೇಳುವಂತಿಲ್ಲ. 1834ರಲ್ಲಿ ಕೊಡಗು ಬ್ರಿಟಿಷರ ಕೈಸೇರಿದ ನಂತರ ಬಂದ ಬಿಳಿಯ ಪ್ಲಾಂಟರುಗಳೂ ಹೊಸಬರೇ. ಪಾಲಿಬೆಟ್ಟದ ಬ್ಯಾಂಬೂ ಕ್ಲಬ್ಬಿನಂಥ ತಾಣಗಳನ್ನು ಅವರು ತಮಗಾಗಿ ಕಟ್ಟಿಕೊಂಡರು. ಬಲವಿದ್ದ ಹೊಸಬರು ಕ್ಲಬ್ ಕಟ್ಟಿದರು, ಬಲವಿಲ್ಲದ ಹೊಸಬರು ಅಂಗಡಿಯ ಜಗಲಿಯಲ್ಲಿ ಕುಳಿತರು. ಆಸೆ ಇಬ್ಬರದೂ ಒಂದೇ.

ಆ ಹೊಸಬರು ಬಿಟ್ಟುಹೋದ ಆಟವೊಂದು ಇಂದು ಕೊಡಗಿನ ಹೆಸರಿಗೇ ಅಂಟಿಕೊಂಡಿದೆ. ಹಾಕಿ ಇಲ್ಲಿನ ಮಣ್ಣಿನದಲ್ಲ, ಇಂಗ್ಲೆಂಡಿನಲ್ಲಿ ನಿಯಮ ಕಟ್ಟಿಕೊಂಡು ಬಂದದ್ದು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ಹಾಕಿ ಉತ್ಸವ ಆರಂಭಿಸಿದಾಗ ಸೇರಿದ್ದು 60 ಕುಟುಂಬಗಳು. 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳ ತಂಡಗಳು ಆಡಿದವು. ಅಜ್ಜನೂ ಮೊಮ್ಮಗಳೂ ಒಂದೇ ತಂಡದಲ್ಲಿ ಕೋಲು ಹಿಡಿಯುವುದು ಕಣ್ಣಿಗೆ ಹಬ್ಬ. ಚದುರಿಹೋಗುತ್ತಿದ್ದ ಮನೆತನಗಳನ್ನು ಒಟ್ಟುಗೂಡಿಸಿದ್ದು ಭಾಷಣವಲ್ಲ, ಆಟ. ಮನೆತನದ ಹೆಸರಿನಲ್ಲಿ ಆಡುವ ಆಟಕ್ಕೆ ಹೊರಗಿನವರನ್ನು ಸೇರಿಸಿಕೊಳ್ಳಿ ಎಂದು ಹೇಳುವುದು ಅಧಿಕಪ್ರಸಂಗವಾದೀತು. ಅದರ ಉದ್ದೇಶವೇ ಬೇರೆ. ಆದರೆ ಗ್ಯಾಲರಿಯ ಕೊನೆಯಲ್ಲಿ ನಿಂತು ಗೋಲಿಗೆ ಚಪ್ಪಾಳೆ ತಟ್ಟುವ ಲೈನ್ ಮನೆಯ ಹುಡುಗನನ್ನು ಕಂಡಾಗ, ಇಲ್ಲಿ ಮನೆತನವೇ ಇಲ್ಲದ ಇವನು ಯಾವ ತಂಡಕ್ಕೆ ಆಡಬೇಕು ಎಂಬ ಯೋಚನೆ ಬರದೆ ಇರುವುದಿಲ್ಲ. ನಮ್ಮ ಧರ್ಮಕೇಂದ್ರಗಳ ಯುವಕ ಸಂಘಗಳು ಈ ಪ್ರಶ್ನೆಯನ್ನು ತಮ್ಮದಾಗಿಸಿಕೊಳ್ಳಬಹುದು.

ಹಳೆಯ ಕೊಡಗು ಇದನ್ನು ತನ್ನದೇ ರೀತಿಯಲ್ಲಿ ಅರಿತಿತ್ತು. ಮೇ ತಿಂಗಳ ಕೊನೆಗೆ ಗೋಣಿಕೊಪ್ಪದ ಬಳಿಯ ದೇವರಪುರದಲ್ಲಿ ನಡೆಯುವ ಕುಂಡೆ ಹಬ್ಬವನ್ನು ನೀವು ಬಲ್ಲಿರಿ. ಯರವರು, ಕುರುಬರು ಚಿತ್ರವಿಚಿತ್ರ ವೇಷ ಹಾಕಿ, ಡಬ್ಬ ಬಡಿಯುತ್ತ ಬಂದು ದಾರಿಹೋಕರನ್ನೂ ದಣಿಗಳನ್ನೂ ದೇವರನ್ನೂ ಬೈಯುತ್ತಾರೆ. ಸಭ್ಯರು ಮುಖ ತಿರುಗಿಸುತ್ತಾರೆ. ನನಗೆ ಆ ಬೈಗುಳದಲ್ಲಿ ಒಂದು ದೊಡ್ಡ ನ್ಯಾಯ ಕಾಣುತ್ತದೆ. ವರ್ಷವಿಡೀ ತಲೆ ತಗ್ಗಿಸಿ ದುಡಿದವರಿಗೆ ತಲೆ ಎತ್ತಿ ಕುಣಿಯಲು ಒಂದು ದಿನವನ್ನು, ಒಂದು ಸ್ಥಳವನ್ನು ಸಮಾಜ ಬಿಟ್ಟುಕೊಟ್ಟಿತ್ತು. ಹೊಸದಾಗಿ ಬಂದವರಿಗೆ ಅಂಥ ದಿನ ಇಲ್ಲ.

ಕಾನೂನು ಮರೆತಿರಲಿಲ್ಲ. 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲಿ ವಾರದ ರಜೆ, ಮನೆ, ಶಿಶುವಿಹಾರಗಳ ಜೊತೆಗೆ, ಕಾರ್ಮಿಕರಿಗೆ ಮನರಂಜನೆಯ ಸೌಕರ್ಯವನ್ನು ಮಾಲೀಕರು ಒದಗಿಸುವಂತೆ ರಾಜ್ಯ ಸರ್ಕಾರ ನಿಯಮ ಮಾಡಬಹುದೆಂದು ಬರೆದಿತ್ತು. ವಿಶ್ವಸಂಸ್ಥೆಯ 1948ರ ಮಾನವ ಹಕ್ಕುಗಳ ಘೋಷಣೆಯ 24ನೆಯ ವಿಧಿ ವಿಶ್ರಾಂತಿಯನ್ನೂ ಬಿಡುವನ್ನೂ ಹಕ್ಕು ಎಂದೇ ಕರೆದಿದೆ.

ಇಲ್ಲಿ ಬಂದವರ ಕಡೆಯ ಮಾತನ್ನೂ ಹೇಳಬೇಕು. ಅವರಲ್ಲಿ ಕೆಲವರು ತಾವಾಗಿಯೇ ಬಿಡುವನ್ನು ಬೇಡವೆನ್ನುತ್ತಾರೆ. ಭಾನುವಾರವೂ ಬೇರೆ ತೋಟಕ್ಕೆ ಕೂಲಿಗೆ ಹೋಗುತ್ತಾರೆ. ಊರಿನಲ್ಲಿ ಸಾಲವಿದೆ, ತಂಗಿಯ ಮದುವೆಯಿದೆ. ಕುಳಿತರೆ ಕಾಸು ಬಾರದು. ಇದನ್ನು ದುರಾಸೆ ಎನ್ನಲು ನನಗೆ ಮನಸ್ಸು ಬಾರದು. ಆದರೂ ಸಂತ ಥಾಮಸ್ ಅಕ್ವಿನಾಸರು ಹೇಳುವ ಒಂದು ಕಥೆಯನ್ನು ಅವರಿಗೆ ದಾಟಿಸಬೇಕು. ಶುಭಸಂದೇಶಕಾರ ಸಂತ ಯೊವಾನ್ನರು ಶಿಷ್ಯರೊಂದಿಗೆ ಆಡುತ್ತಿರುವುದನ್ನು ಕಂಡು ಕೆಲವರು ಮುಖ ಸಿಂಡರಿಸಿದರಂತೆ. ಯೊವಾನ್ನರು ಅವರಲ್ಲಿ ಬಿಲ್ಲು ಹಿಡಿದಿದ್ದ ಒಬ್ಬನಿಗೆ ಬಾಣ ಬಿಡಲು ಹೇಳಿದರು. ಮತ್ತೆ ಬಿಡು, ಮತ್ತೆ ಬಿಡು ಎಂದರು. ಹೀಗೆಯೇ ನಿಲ್ಲದೆ ಬಿಡಬಲ್ಲೆಯಾ ಎಂದು ಕೇಳಿದಾಗ, ಹಾಗೆ ಮಾಡಿದರೆ ಬಿಲ್ಲು ಮುರಿಯುತ್ತದೆ ಎಂದನಂತೆ ಆತ. ಮನಸ್ಸೂ ಹಾಗೆಯೇ ಎಂದರು ಯೊವಾನ್ನರು. ಅಕ್ವಿನಾಸರು ಇಷ್ಟಕ್ಕೇ ನಿಲ್ಲುವುದಿಲ್ಲ. ಅತಿಯಾದ ಆಟ ಹೇಗೆ ದೋಷವೋ, ತಾನೂ ಆಡದೆ ಆಡುವವರಿಗೂ ಅಡ್ಡಿಯಾಗುವುದು ಹಾಗೆಯೇ ದೋಷ ಎನ್ನುತ್ತಾರೆ. ಅಡ್ಡಿಯಾಗುವವರು ಎಂಬಲ್ಲಿ ನಾವು ನಮ್ಮ ಹೆಸರನ್ನು ಹುಡುಕಿಕೊಳ್ಳಬೇಕು.

ಮಕ್ಕಳಿಗೆ ಈ ಚರ್ಚೆ ಬೇಕಾಗಿಲ್ಲ. ಲೈನ್ ಮನೆಯ ಹುಡುಗ ಕನ್ನಡ ಕಲಿಯುವುದು ಮೊದಲು ಪಾಠಪುಸ್ತಕದಿಂದಲ್ಲ, “ಕೊಡೋ ಇಲ್ಲಿ”, “ಔಟ್ ಆಗಿಲ್ಲ ಕಣೋ” ಎಂಬ ಜಗಳದಿಂದ. ನಿಮ್ಮ ಮಗ ಅವನನ್ನು ಆಟಕ್ಕೆ ಕರೆದರೆ ತಡೆಯಬೇಡಿ. ಹೊಳೆಯ ಯಾವ ಗುಂಡಿಗೆ ಇಳಿಯಬಾರದು, ಆನೆ ಯಾವ ಹೊತ್ತಿಗೆ ಯಾವ ದಾರಿ ಹಿಡಿಯುತ್ತದೆ ಎಂಬುದನ್ನು ದೊಡ್ಡವರು ಬಂದವರಿಗೆ ತೋರಿಸಿಕೊಡಿ. ಮಳೆಗಾಲದಲ್ಲಿ ಕಣಿಲೆ ಸಿಕ್ಕಾಗ ಮಾತಿಗೊಂದು ನೆಪವಿದೆ, ಏಕೆಂದರೆ ಎಳೆಬಿದಿರನ್ನು ಅಸ್ಸಾಮಿನವರೂ ಬಲ್ಲರು, ನಾವೂ ಬಲ್ಲೆವು. ಅವರು ಅದನ್ನು ಹುಳಿಬರಿಸಿ ಇಡುತ್ತಾರೆ, ನಾವು ನೀರಿನಲ್ಲಿ ನೆನೆಸಿ ಕಹಿ ತೆಗೆಯುತ್ತೇವೆ.

ಇನ್ನು ಬಯಲಿನ ವಿಚಾರ. ತೋಟವಿರುವ ನಿಮ್ಮಲ್ಲಿ ಅನೇಕರ ಮನೆಯ ಹಿಂದೆ ಕಾಫಿ ಒಣಗಿಸುವ ಕಣವಿದೆ. ಕೊಯ್ಲು ಮುಗಿದು ರೋಬಸ್ಟಾ ಚೀಲ ಸೇರಿದ ಮೇಲೆ ಮುಂದಿನ ಹಣ್ಣಿನವರೆಗೆ ಅದು ಖಾಲಿ ಬಿದ್ದಿರುತ್ತದೆ. ಜೂನಿನ ಮಳೆಗೆ ಪಾಚಿ ಕಟ್ಟುವ ಮೊದಲು ಏಪ್ರಿಲ್, ಮೇ ಎರಡು ತಿಂಗಳು ನಿಮ್ಮ ಕೈಯಲ್ಲಿವೆ. ಎರಡು ಸಿಲ್ವರ್ ಓಕ್ ಮರಗಳ ನಡುವೆ ಒಂದು ವಾಲಿಬಾಲ್ ನೆಟ್ಟು ಕಟ್ಟಲು ಹೆಚ್ಚು ಖರ್ಚಿಲ್ಲ. ಕಟ್ಟುವ ಮೊದಲು ಲೈನಿನವರನ್ನೇ ಕರೆದು ಅವರೂರಿನಲ್ಲಿ ಏನು ಆಡುತ್ತಿದ್ದರು ಎಂದು ಕೇಳಿ. ನೆಟ್ಟು ಬೇಡ, ಫುಟ್ಬಾಲೇ ಬೇಕು ಎಂದಾರು.